‘ಒರಿಜಿನಲ್ಲಾ?’ ಅಂತ ಕೇಳುವವರಿಗೆಲ್ಲ ಸೇರಿಸಿ ಒಂದೇ ಉತ್ತರ

ಹಳೇ ಡ್ರ್ಯಾಗ್ ರೇಸ್ ಕಾರುಗಳ ಪೂರ್ವಾಪರ ಹುಡುಕೋ ಹುಚ್ಚು ನನಗಿದೆ ಅನ್ನೋದು ಡೆಟ್ರಾಯಿಟ್ ಕಡೆಯ ನಮ್ಮವರಿಗೆಲ್ಲ ಗೊತ್ತಾಗಿಬಿಟ್ಟಿದೆ. ಯುಗಾದಿ ಊಟದ ಸಾಲಿನಲ್ಲಿ ಕೋಸಂಬರಿ ಹಾಕಿಸಿಕೊಳ್ಳುತ್ತಿದ್ದರೂ ಬಿಡಲ್ಲ, ಯಾವುದೋ ಹಳೇ ಕಾರಿನ ಫೋಟೋ ತೆಗೆದು ಫೋನ್ ಮುಖಕ್ಕೆ ಹಿಡೀತಾರೆ. ‘ನಮ್ಮ ಆಫೀಸಿನವನು ತಗೋತಿದಾನೆ. ಒರಿಜಿನಲ್ಲಾ? ಒಂದೇ ಮಾತಲ್ಲಿ ಹೇಳಿ ಸಾರ್.’

ಒಂದೇ ಮಾತಲ್ಲಿ ಬೇಕಾದರೆ: ನನಗೆ ಗೊತ್ತಿಲ್ಲ, ನಿಮಗೂ ಬೇಕಿಲ್ಲ. ಸಮಾಧಾನವಾಯಿತಾ?

ಕಾಲು ಮೈಲಿ, ಅಂದರೆ 1320 ಅಡಿ, ನೆಟ್ಟಗೆ ಓಡಿಸಿ ಪಕ್ಕದವನನ್ನು ಸೋಲಿಸುವುದಕ್ಕೆ ಕಟ್ಟಿದ ಗಾಡಿ ಇದು. ಈ ವಾರ ಎಂಜಿನ್ ಸಿಡಿದರೆ ಮುಂದಿನ ವಾರ ಬೇರೆ ಎಂಜಿನ್. ನಿಯಮ ಬದಲಾದರೆ ಆಕ್ಸಲ್ಲೇ ಬದಲು. ಅಂಥದ್ದಕ್ಕೆ ‘ನಂಬರ್ ಮ್ಯಾಚಿಂಗಾ?’, ಅಂದರೆ ಕಾರ್ಖಾನೆಯಲ್ಲಿ ಕೂರಿಸಿದ ಎಂಜಿನ್ನೇ ಇದೆಯಾ, ಅಂತ ಬೇರೆ ಕೇಳ್ತಾರೆ. ಅರವತ್ತರ ದಶಕದ ಎಂಜಿನ್ನೇ ಇನ್ನೂ ಒಳಗಿದೆ ಅಂದರೆ ನನಗೆ ಮೊದಲು ಬರುವ ಅನುಮಾನ, ಇವನು ರೇಸಿಗೆ ಹೋಗಿದ್ದಾದರೂ ಹೌದಾ ಅಂತ.

1968ರ ಹೆಮಿ ಡಾರ್ಟನ್ನೇ ತಗೊಳ್ಳಿ, ಅಂದರೆ ಹೆಮಿ ಅನ್ನೋ ದೊಡ್ಡ ಎಂಜಿನ್ ಹಾಕಿದ ಡಾಡ್ಜ್ ಡಾರ್ಟ್ ಕಾರು. ಡಾಡ್ಜ್‌ನವರು ಡ್ರ್ಯಾಗ್ ರೇಸಿಗೆಂದೇ ಇಂಥವು ಸುಮಾರು 80 ಮಾಡಿಸಿದರು. ಬಾಡಿ ಇಲ್ಲೇ ಹ್ಯಾಮ್‌ಟ್ರ್ಯಾಮಿಕ್ ಕಾರ್ಖಾನೆಯದು. ಅಲ್ಲಿಂದ ಹರ್ಸ್ಟ್ ಕಂಪನಿಗೆ ಹೋಗಿ 426 ಘನ ಇಂಚಿನ ಹೆಮಿ ಎಂಜಿನ್ ಕೂರಿಸಿಕೊಂಡು ಬಂತು. ಮುಂದಿನ ಫೆಂಡರ್, ಹುಡ್ ಎರಡೂ ಫೈಬರ್‌ಗ್ಲಾಸ್. ಹಿಂದಿನ ಸೀಟಿಲ್ಲ, ರೇಡಿಯೋ ಇಲ್ಲ, ಹೀಟರ್ ಇಲ್ಲ (ಮಿಷಿಗನ್ ಚಳಿಯಲ್ಲಿ!). ಕಿಟಕಿ ಏರಿಸಬೇಕಾದರೆ ಪಟ್ಟಿ ಹಿಡಿದು ಎಳೀಬೇಕು. ರಸ್ತೆಯಲ್ಲಿ ಓಡಿಸಲು ಅಲ್ಲ, ವಾರಂಟಿಯೂ ಇಲ್ಲ ಅಂತ ಕಂಪನಿಯೇ ಚೀಟಿ ಅಂಟಿಸಿ ಕೊಟ್ಟಿತ್ತು. ಬಣ್ಣವನ್ನಂತೂ ಬಳಿಯಲೇ ಇಲ್ಲ, ಪ್ರೈಮರ್‌ನಲ್ಲೇ ಕೈಗಿಟ್ಟರು. ತಗೊಂಡವನು ತನ್ನ ಖುಷಿಗೆ ಬಳಿದುಕೊಂಡ, ಬಾಗಿಲ ಮೇಲೆ ಹೆಸರು ಬರೆಸಿದ, ಮುಂದಿನ ಸೀಸನ್‌ಗೆ ಅದನ್ನೂ ಅಳಿಸಿದ. ಈಗ ‘ಒರಿಜಿನಲ್ ಪೇಂಟಾ ಸಾರ್?’ ಅನ್ನುವವರಿಗೆ ಯಾವ ಭಾನುವಾರದ ಪೇಂಟನ್ನು ತೋರಿಸಲಿ?

ಹೋದ ಬೇಸಿಗೆಯಲ್ಲಿ ಒಬ್ಬರು ಗ್ಯಾರೇಜಿಗೆ ಕರೆಸಿಕೊಂಡರು. ಡಾರ್ಟ್ ಕನ್ನಡಿ ಥರ ಹೊಳೀತಿತ್ತು. ವಿನ್ ನಂಬರು (ಕಾರ್ಖಾನೆ ಪ್ರತಿ ಗಾಡಿಗೂ ಕೊಡುವ ಗುರುತಿನ ಸಂಖ್ಯೆ) ಎಲ್‌ಒ23 ಅಂತಲೇ ಶುರು. ಹೆಮಿ ಡಾರ್ಟ್ ಅನ್ನುವುದಕ್ಕೆ ಅದೇ ಗುರುತು, ಮಾಮೂಲಿ ಡಾರ್ಟಿಗೆ ಆ ‘ಒ’ ಅಕ್ಷರ ಇರಲ್ಲ. ‘ನೋಡಿದ್ರಲ್ಲ, ಮುಗೀತಲ್ಲ, ಎರಡು ಸಾಲು ಬರೆದುಕೊಡಿ’ ಅಂದರು. ನಾನು ಕೆಳಗೆ ಮಲಗಿ ಟಾರ್ಚ್ ಬಿಟ್ಟೆ. ರೋಲ್ ಕೇಜಿನ (ಗಾಡಿ ಪಲ್ಟಿಯಾದರೆ ಓಡಿಸುವವನನ್ನು ಕಾಯುವ ಕೊಳವೆಯ ಪಂಜರ) ಕಾಲುಗಳನ್ನು ಕತ್ತರಿಸಿ ನೆಲಕ್ಕೆ ಸಮನಾಗಿ ಉಜ್ಜಿದ್ದರು. ಲ್ಯಾಡರ್ ಬಾರ್ (ಹಿಂದಿನ ಆಕ್ಸಲ್ ತಿರುಚದಂತೆ ಹಿಡಿಯುವ ಸರಳು) ಕೂರಿಸಿದ್ದ ತೂತುಗಳಿಗೆ ತಗಡಿಟ್ಟು ಬೆಸೆದಿದ್ದರು. ಡಿಕ್ಕಿಯ ಮೂಲೆಯಲ್ಲಿ, ಉಜ್ಜುವವನ ಕೈ ಹೋಗದ ಕಡೆ, ನೀಲಿ, ಅದರಡಿ ಕಿತ್ತಳೆ, ಅದರಡಿ ಇನ್ನೇನೋ. ಎಲ್ಲ ರೇಸ್ ಓಡಿದ ಗುರುತುಗಳೇ. ನನಗೆ ಎದೆ ಹೊಡೆದುಕೊಳ್ಳತೊಡಗಿತು. ‘ಎಪ್ಪತ್ತರ ದಶಕದಲ್ಲಿ ಇದು ಯಾರ ಹತ್ತಿರ ಇತ್ತು?’ ಅಂದೆ. ‘ಯಾವುದೋ ಕೊಟ್ಟಿಗೇಲಿ. ಅದೆಲ್ಲ ಯಾರಿಗೆ ಬೇಕು?’

ನನಗೆ ಬೇಕು. ಗಂಡು ನೋಡೋಕೆ ಹೋದಾಗ ಬಯೋಡೇಟಾದಲ್ಲಿ ಐದು ವರ್ಷ ಖಾಲಿ ಇದ್ದರೆ ನಮ್ಮ ಸೋದರತ್ತೆಯರು ಬಿಡ್ತಾರಾ? ‘ಅಷ್ಟು ದಿನ ಎಲ್ಲಿದ್ದನಂತೆ?’ ಅಂತ ಮೂರು ಊರಲ್ಲಿ ವಿಚಾರಿಸಲ್ವಾ? ಕಾರಿಗೆ ಇಪ್ಪತ್ತು ವರ್ಷ ಖಾಲಿ ಇದ್ದರೂ ಕೇಳೋರಿಲ್ಲ.

ಆ ಖಾಲಿ ವರ್ಷಗಳಲ್ಲೇ ವಿಷಯ ಇರೋದು. ಡ್ರ್ಯಾಗ್‌ಸ್ಟರ್‌ಗಳ (ಉದ್ದನೆಯ ಚೌಕಟ್ಟಿನ, ಡ್ರ್ಯಾಗ್ ರೇಸಿಗೆಂದೇ ಕಟ್ಟಿದ ಕಾರುಗಳ) ಕಥೆ ನೋಡಿ. 1970ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಲಯನ್ಸ್ ಸ್ಟ್ರಿಪ್‌ನಲ್ಲಿ ಹೆಸರಾಂತ ಡ್ರ್ಯಾಗ್ ರೇಸರ್ ಡಾನ್ ಗಾರ್ಲಿಟ್ಸ್‌ರ ಕಾರಿನ ಟ್ರಾನ್ಸ್‌ಮಿಷನ್ ಸಿಡಿದು ಕಾರು ಎರಡು ತುಂಡಾಯಿತು, ಅವರ ಬಲಪಾದದ ಒಂದು ಭಾಗವೇ ಹೋಯಿತು. ಎಂಜಿನ್ ಮುಂದೆ, ಕ್ಲಚ್ ಕಾಲ ಹತ್ತಿರ ಇಟ್ಟುಕೊಂಡು ಕೂರುವ ಸಹವಾಸವೇ ಬೇಡ ಅಂತ ಅವರು ಎಂಜಿನ್ ಹಿಂದಿರುವ ಕಾರು ಕಟ್ಟಿ 1971ರಲ್ಲಿ ಪೊಮೋನಾದಲ್ಲಿ ಗೆದ್ದರು. ಕೆಲವೇ ವರ್ಷಗಳಲ್ಲಿ ಮುಂದೆ ಎಂಜಿನ್ ಇರುವ ಅಷ್ಟೂ ಕಾರುಗಳು ರೇಟು ಕಳೆದುಕೊಂಡವು. ಎಂಜಿನ್ ಕಿತ್ತು ಚಾಸಿಯನ್ನು ಸಿಕ್ಕವರಿಗೆ ಮಾರಿದರು. ಕೆಲವನ್ನು ಕತ್ತರಿಸಿದರು, ಕೆಲವನ್ನು ಅಟ್ಟಕ್ಕೆ ತಳ್ಳಿದರು. ಗಾರ್ಲಿಟ್ಸ್ ತಮ್ಮ ರೇಸ್ ಕಾರುಗಳಾದ ‘ಸ್ವಾಂಪ್ ರ‍್ಯಾಟ್’ಗಳನ್ನು ಜತನ ಮಾಡಿ ಫ್ಲಾರಿಡಾದ ಒಕಾಲಾದಲ್ಲಿ ಮ್ಯೂಸಿಯಂ ಕಟ್ಟಿದರು, ಒಂದು ಕಾರು ವಾಷಿಂಗ್ಟನ್ನಿನ ಮ್ಯೂಸಿಯಂ ಸ್ಮಿತ್ಸೋನಿಯನ್‌ಗೂ ಹೋಯಿತು. ಅಷ್ಟು ಹೆಸರಿಲ್ಲದವರ ಕಾರನ್ನು ಉಳಿಸಿದವರು ಯಾರು? ಕಬ್ಬಿಣದ ರೇಟು ಸಿಕ್ಕರೂ ಮಾರದೆ ಗೋಡೆಗೆ ಒರಗಿಸಿಟ್ಟವರು ಯಾರು, ಯಾಕೆ ಇಟ್ಟರು? ಇದನ್ನು ಕೇಳಿ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೂ ಎತ್ತುತ್ತೇನೆ.

ಹುಡುಕುವುದರಲ್ಲಿ ಮಾಟಮಂತ್ರ ಇಲ್ಲ. ಟೈಟಲ್ (ಗಾಡಿಯ ಮಾಲೀಕತ್ವದ ಸರ್ಕಾರಿ ಪತ್ರ) ಇಲ್ಲದೆ ಬರೀ ರಶೀದಿಯ ಮೇಲೆ ಕೈ ಬದಲಾದ ಗಾಡಿಗಳೇ ಜಾಸ್ತಿ, ಹಾಗಾಗಿ ಸರ್ಕಾರಿ ಕಾಗದ ಒಂದು ಹಂತಕ್ಕೆ ನಿಂತುಹೋಗುತ್ತದೆ. ಅಲ್ಲಿಂದಾಚೆ ಫೋಟೋನೇ ಗತಿ. ಗಾಜಿನ ಮೇಲೆ ಬಿಳಿ ಶೂ ಪಾಲಿಶ್‌ನಲ್ಲಿ ಬರೆದ ರೇಸಿನ ಕ್ಲಾಸು, ನಂಬರು. ಹಿಂಬದಿ ಪ್ಯಾನೆಲ್ ಮೇಲೆ ಡೀಲರ್ ಹೆಸರು. ಹುಡ್ ಸ್ಕೂಪ್ (ಎಂಜಿನ್ನಿಗೆ ಗಾಳಿ ಬಿಡುವ ಉಬ್ಬು) ಪಕ್ಕದ ಒಂದು ಬೆಸುಗೆ ಗೆರೆ ಫೋಟೋದಲ್ಲೂ ಇದ್ದು ಗಾಡಿಯಲ್ಲೂ ಇದ್ದರೆ ನನಗೆ ಅದು ವಿನ್ ಪ್ಲೇಟಿನ ನಂಬರಿಗಿಂತ ದೊಡ್ಡ ಸಾಕ್ಷಿ. ಪ್ಲೇಟನ್ನು ಯಾರು ಬೇಕಾದರೂ ರಿವೆಟ್ ಹೊಡೆದು ಕೂರಿಸಬಹುದು.

ಆ ಗ್ಯಾರೇಜಿನವರಿಗೆ ಎರಡು ಸಾಲಲ್ಲ, ಒಂದು ಪುಟ ಬರೆದುಕೊಟ್ಟೆ: ಮುಚ್ಚಿದ ತೂತುಗಳು, ಕತ್ತರಿಸಿದ ಕೇಜು, ಮೂಲೆಯ ಮೂರು ಬಣ್ಣ. ಅವರಿಗದು ಕಾರಿನ ಮಾನ ತೆಗೆದ ಹಾಗೆ ಕಾಣಿಸಿತು. ಮಾರುವಾಗ ಆ ಪುಟ ತೋರಿಸಲಿಲ್ಲವಂತೆ. ಕಾರು ಈಗ ಇನ್ನೊಬ್ಬರ ಹತ್ತಿರ ಇದೆ. ಅವರು ಮೊನ್ನೆ ಫೋನ್ ಮಾಡಿ, ಡಿಕ್ಕಿಯ ಮೂಲೆ ಗಲೀಜಾಗಿದೆ, ಉಜ್ಜಿಸಿ ಬಣ್ಣ ಹೊಡೆಸಲಾ ಅಂತ ಕೇಳಿದರು. ಮುಟ್ಟಬೇಡಿ, ಶನಿವಾರ ಕ್ಯಾಮೆರಾ ತಗೊಂಡು ಬರ್ತೀನಿ ಅಂದಿದ್ದೇನೆ.