ಪುಚ್ಚೆಯನ್ನೂ ತಂದದ್ದಾ?

ಹೌದು, ಮನೆ ಬದಲಾಯಿಸುವಾಗ ಪುಚ್ಚೆಯನ್ನೂ, ಅಂದರೆ ಬೆಕ್ಕನ್ನೂ, ತಂದೆವು. ನಾಯಿಯನ್ನೂ ತಂದೆವು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ ನಮ್ಮ ಮನೆ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದಲ್ಲೇ ಇತ್ತು. ರಸ್ತೆಯನ್ನು ಆರು ಲೇನ್ ಮಾಡುವಾಗ ಜಾಗ ಹೋಯಿತು, ಜೊತೆಗೆ ಮನೆಯೂ ಹೋಯಿತು. ಈಗ ಬದಿಯಡ್ಕದ ಕಡೆ ಬಾಡಿಗೆ ಮನೆಯಲ್ಲಿದ್ದೇವೆ. ನಾನು, ಇವರು, ಅತ್ತೆ, ನಾಯಿ ರಾಜು, ಬೆಕ್ಕು ಚೋಮಿ. ಬಂದವರು ಕಾಲು ತೊಳೆಯುವ ಮೊದಲೇ ಕೇಳುತ್ತಾರೆ: "ಪುಚ್ಚೆಯನ್ನೂ ತಂದದ್ದಾ ಮಾರಾಯ್ತಿ? ಅಲ್ಲೇ ಬಿಟ್ಟು ಬರಬಹುದಿತ್ತಲ್ಲ?"

ಕೇಳುವುದಕ್ಕೆ ಬೇಜಾರಿಲ್ಲ. ಬಿಟ್ಟು ಬರುವುದೇ ಸರಿ ಎನ್ನುವ ಹಾಗೆ ಕೇಳುತ್ತಾರಲ್ಲ, ಅದಕ್ಕೆ ಸಿಟ್ಟು ಬರುತ್ತದೆ.

ನೀರ್ಚಾಲಿನಲ್ಲಿ ಒಂದು ಮನೆ ಒಕ್ಕಲಿನ ಊಟಕ್ಕೆ ಹೋಗಿದ್ದೆವು. ಎಲೆಗೆ ಪಾಯಸ ಬರುತ್ತಿತ್ತು. ಎದುರು ಸಾಲಿನಲ್ಲಿದ್ದ ದೂರದ ಸಂಬಂಧದ ಮಾವ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ನಾಯಿ ಜನಕ್ಕೆ ಒಗ್ಗುವುದು, ಪುಚ್ಚೆ ಮನೆಗೆ ಒಗ್ಗುವುದು. ಗೋಣಿಯಲ್ಲಿ ಹಾಕಿ ಮೀನು ಮಾರ್ಕೆಟಿನ ಹತ್ರ ಬಿಟ್ಟಿದ್ದರೆ ಬದುಕಿಕೊಳ್ತಿತ್ತು." ಅಕ್ಕಪಕ್ಕದವರು ತಲೆಯಾಡಿಸಿದರು.

"ಮಾವಾ, ಅದು ಒಗ್ಗಿದ್ದ ಮನೆಯನ್ನು ಜೆಸಿಬಿ ಕೆಡವಿ ಆಯಿತಲ್ಲ. ಇನ್ನು ಅದಕ್ಕೆ ಇರುವುದು ನಾವು ಮಾತ್ರ" ಎಂದೆ. ಅವರು ಮಾತಾಡಲಿಲ್ಲ. ನನಗೂ ಆಮೇಲೆ ಊಟ ಸೇರಲಿಲ್ಲ.

ಚೋಮಿ ಹುಟ್ಟಿದ್ದು ನಮ್ಮ ಒಲೆಯ ಹಿಂದೆ. ಬೂತಾಯಿ ಮೀನಿನ ತಲೆಯನ್ನು ತಟ್ಟೆಯಲ್ಲಿ ಹಾಕಿ ಕೊಟ್ಟರೆ ತಿಂದು ಗೊತ್ತು, ಕಚ್ಚಾಡಿ ಕಿತ್ತುಕೊಂಡು ಗೊತ್ತಿಲ್ಲ. ಮಾರ್ಕೆಟಿನಲ್ಲಿ ಆಗಲೇ ಬೇರೂರಿದ ಬೆಕ್ಕುಗಳಿವೆ, ನಾಯಿಗಳಿವೆ, ವಾಹನಗಳಿವೆ. ಅಲ್ಲಿ ಬದುಕಿಕೊಳ್ಳುತ್ತದೆ ಎಂದವರು ಯಾರೂ ಮರುದಿನ ಹೋಗಿ ನೋಡಿದವರಲ್ಲ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಬಿಟ್ಟು ಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಅಪರಾಧ. ಆ ಕಾಯಿದೆ ಇಲ್ಲದಿದ್ದರೂ ನಾನು ಬಿಡುತ್ತಿರಲಿಲ್ಲ.

ಯಾರಾದರೂ "ಹೊಸ ಮನೆಗೆ ಅವು ಹೇಗೆ ಹೊಂದಿಕೊಂಡವು?" ಎಂದು ಕೇಳಲಿ ಎಂದು ಕಾಯುತ್ತಿದ್ದೇನೆ. ಹೇಳಲಿಕ್ಕೆ ಎಷ್ಟೋ ಇದೆ.

ಲಾರಿಗೆ ಸಾಮಾನು ತುಂಬುವಾಗ ಚೋಮಿಯನ್ನು ಬಚ್ಚಲಲ್ಲಿಟ್ಟು ಬಾಗಿಲು ಹಾಕಿದ್ದೆವು. ಆ ಗಲಾಟೆಗೆ ಹೆದರಿ ಓಡಿದರೆ ಮತ್ತೆ ಸಿಗುವುದು ಕಷ್ಟ. ಕೊನೆಗೆ ಗಾಳಿಯಾಡುವ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಬೈರಾಸು (ಟವೆಲ್) ಮುಚ್ಚಿ, ನನ್ನ ಮಡಿಲಲ್ಲೇ ಇಟ್ಟುಕೊಂಡು ಬಂದೆ. ದಾರಿಯುದ್ದಕ್ಕೂ ಕೂಗಿದಳು. ಬೆಕ್ಕು ಕೆನ್ನೆಯನ್ನು ಕಂಬಕ್ಕೆ, ಬಾಗಿಲಿಗೆ ಉಜ್ಜುತ್ತದಲ್ವಾ, ಅದು ತನ್ನ ವಾಸನೆ ಬಿಡುವುದು. ಹೊಸ ಮನೆಯಲ್ಲಿ ಆ ವಾಸನೆ ಎಲ್ಲಿಯೂ ಇಲ್ಲ. ಹಾಗಾಗಿ ಅವಳು ಮಲಗುತ್ತಿದ್ದ ಹಳೆ ಸೀರೆಯನ್ನು ತೊಳೆಯದೆ ತಂದು ಹಾಸಿದೆ. ಮೊದಲು ಒಂದೇ ಕೋಣೆ. ಅಲ್ಲೇ ನೀರು, ಊಟ, ಉಚ್ಚೆ ಕಕ್ಕಸಿಗೆ ಹೊಯಿಗೆ (ಮರಳು) ತುಂಬಿದ ಟ್ರೇ.

ಕಪಾಟಿನ ಅಡಿ ಸೇರಿದಳು. ಬಗ್ಗಿ ನೋಡಿದರೆ ಎರಡು ಕಣ್ಣು, ಗೋಡೆಗೆ ಒತ್ತಿದ ಬಾಲ. ಎಳೆಯಬೇಡಿ ಎಂದು ಎಲ್ಲರಿಗೂ ಹೇಳಿದ್ದೆ. ರಾತ್ರಿ ತಟ್ಟೆ ಖಾಲಿಯಾಗಿದ್ದರೆ ನನಗೆ ಅಷ್ಟು ಸಾಕಿತ್ತು. ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ ಕಾಯಬಾರದು, ಡಾಕ್ಟರಿಗೆ ತೋರಿಸಬೇಕು, ಲಿವರ್ ಕೆಡಬಹುದು. ಗಂಡು ಬೆಕ್ಕು ಒಂದು ದಿನ ಮೂತ್ರ ಮಾಡದಿದ್ದರೂ ಕಾಯದೆ ಡಾಕ್ಟರಿಗೆ ತೋರಿಸಬೇಕು. ಎರಡು ಮೂರು ವಾರ ಹೊರಗೆ ಬಿಡಬಾರದು. ಬೇಗ ಬಿಟ್ಟರೆ ಹಳೆ ಮನೆ ಹುಡುಕಿಕೊಂಡು ಹೊರಡುತ್ತದೆ. ಮೊದಲ ಸಲ ಬಿಡುವುದು ಊಟಕ್ಕೆ ಮೊದಲು, ಹಸಿವಿಗೆ ವಾಪಸ್ ಬರುತ್ತದೆ.

ರಾಜುವಿನದ್ದು ಸುಲಭ. ಬೆಲ್ಟ್ ಹಾಕಿ ಬೆಳಿಗ್ಗೆ ಸಂಜೆ ಹಿತ್ತಲು ಸುತ್ತಿಸಿದೆವು. ನಾವು ಇದ್ದಲ್ಲಿ ಅವನು. ಹೊಸ ಪಂಚಾಯತಿನಲ್ಲಿ ಅವನ ಲೈಸೆನ್ಸ್ ಮಾಡಿಸಿದೆವು, ಅದಕ್ಕೆ ಹುಚ್ಚುನಾಯಿ ರೋಗದ ಲಸಿಕೆಯ ಸರ್ಟಿಫಿಕೇಟ್ ಬೇಕು.

ನಿಜವಾಗಿ ಕಷ್ಟವಾದದ್ದು ಮನೆ ಸಿಗುವುದು. ಫ್ಲ್ಯಾಟಿನ ಅಸೋಸಿಯೇಷನ್ನುಗಳು ಸಾಕುಪ್ರಾಣಿ ಬೇಡ ಎಂದು ನಿಯಮ ಮಾಡುವ ಹಾಗಿಲ್ಲ ಎಂದು 2021ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಆದರೆ ಬಾಡಿಗೆಗೆ ಕೊಡುವವರ ಮನಸ್ಸು ಬೇರೆ. ನಾಯಿ ಎಂದ ಕೂಡಲೇ ಫೋನ್ ಇಟ್ಟವರಿದ್ದಾರೆ. ಅಡ್ವಾನ್ಸ್ ಕೊಡುವ ಮೊದಲೇ ಇಬ್ಬರ ವಿಷಯವನ್ನೂ ಹೇಳಿದೆವು. ಈಗಿನ ಮಾಲಕರಾದ ಅಮ್ಮ "ಹಿತ್ತಲಲ್ಲಿ ಇಲಿ ಜಾಸ್ತಿ, ಪುಚ್ಚೆ ಇದ್ದರೆ ಒಳ್ಳೆಯದೇ" ಎಂದರು. ಅವರನ್ನು ನಾನು ಮರೆಯುವುದಿಲ್ಲ.

ಮನೆ ಬದಲಾಯಿಸುವವರು ಯಾರಾದರೂ ಇದ್ದರೆ ಕೇಳಿ. ಬುಟ್ಟಿ ಬೇಕಾದರೆ ಕೊಡುತ್ತೇನೆ, ಲಾರಿ ಬರುವ ದಿನ ನಾನೇ ಬಂದು ಬೆಕ್ಕನ್ನು ಹಿಡಿದುಕೊಂಡು ಕೂರುತ್ತೇನೆ. ಎಲ್ಲಿ ಬಿಡುವುದು ಎಂದು ಮಾತ್ರ ನನ್ನಲ್ಲಿ ಕೇಳಬೇಡಿ.