ಡಿಸ್ಕ್ ಕೈಕೊಡುವ ಮುಂಚೆ

ಮನೆ ಕಂಪ್ಯೂಟರಿನ ರೇಡ್‌ಗೆ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿ ಡೇಟಾ ಇಡುವ ವ್ಯವಸ್ಥೆ) ಇವತ್ತು ಒಂದು ಸ್ಪೇರ್ ಡಿಸ್ಕ್ ತಂದಿಟ್ಟೆ. ನಾಲ್ಕು ಡಿಸ್ಕಿನ ರೇಡ್ 5ರಲ್ಲಿ ಒಂದು ಕೆಟ್ಟರೂ ಡೇಟಾ ಉಳಿಯುತ್ತದೆ, ನಿಜ. ಆದರೆ ಹೊಸದು ಹಾಕಿದ ಮೇಲೆ ರೀಬಿಲ್ಡ್‌ಗಾಗಿ, ಅಂದರೆ ಕೆಟ್ಟದ್ದರಲ್ಲಿದ್ದ ಡೇಟಾವನ್ನು ಹೊಸದರಲ್ಲಿ ಮತ್ತೆ ಕಟ್ಟಲು, ಉಳಿದ ಮೂರನ್ನೂ ಮೊದಲಿಂದ ಕೊನೆವರೆಗೆ ಓದಬೇಕು. ದೊಡ್ಡ ಡಿಸ್ಕಾದರೆ ಇಡೀ ದಿನ ಹಿಡಿಯಬಹುದು. ಅಷ್ಟರಲ್ಲಿ ಇನ್ನೊಂದು ಹೋದರೆ ಎಲ್ಲಾ ಹೋದಂತೆ. ಎಲ್ಲವೂ ಒಟ್ಟಿಗೆ ಕೊಂಡ, ಒಂದೇ ವಯಸ್ಸಿನ ಡಿಸ್ಕ್‌ಗಳಾದರೆ ಭಯ ಇನ್ನೂ ಜಾಸ್ತಿ.

ಪ್ರತಿ ಡಿಸ್ಕಿನ ಅಂಚಿಗೆ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬರೆದ ಚೀಟಿ ಅಂಟಿಸಿದೆ. ಗಾಬರಿಯಲ್ಲಿ ಚೆನ್ನಾಗಿರುವುದನ್ನೇ ಕಿತ್ತುಬಿಡಬಾರದು, ಅಲ್ವಾ? ಕೆಡುವುದು ಖಂಡಿತ ಎಂದು ಒಪ್ಪಿಕೊಂಡ ಮೇಲೆ ಮನಸ್ಸಿಗೆ ಏನೋ ನೆಮ್ಮದಿ.

ಕೈತಪ್ಪಿ ಡಿಲೀಟ್ ಆದದ್ದನ್ನು ರೇಡ್ ವಾಪಸ್ ಕೊಡುವುದಿಲ್ಲ. ಹಾಗಾಗಿ ಅಜ್ಜಿಯ ಫೋಟೋಗಳ ಇನ್ನೊಂದು ಕಾಪಿ ತಂಗಿ ಮನೆಯಲ್ಲಿದೆ. ಭಾನುವಾರ ಹೋದಾಗ ಅದನ್ನೂ ತೆರೆದು ನೋಡಬೇಕು.