ಇಂಪ್ಲಾಂಟ್ ಹಾಕಿದ ಮೇಲಿನ ಮೂರನೇ ವಾರ

"ಡಾಕ್ಟ್ರೇ, ಸ್ಕ್ರೂ ಗಟ್ಟಿಯಾಗಿ ಕೂತಿದೆ ಅಂದ್ರಲ್ಲ, ಮತ್ತೆ ಹಲ್ಲು ಕೂರಿಸೋಕೆ ಇನ್ನೂ ತಿಂಗಳುಗಟ್ಟಲೆ ಯಾಕೆ?" ಹೋದ ಹಲ್ಲಿನ ಜಾಗದಲ್ಲಿ ದವಡೆ ಮೂಳೆಗೆ ಟೈಟಾನಿಯಂ ಸ್ಕ್ರೂ, ಅಂದರೆ ಇಂಪ್ಲಾಂಟ್, ಹಾಕುವ ನನ್ನ ಕೆಲಸದಲ್ಲಿ ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ ಇದು. "ಮೂಳೆ ಕೂಡಬೇಕಲ್ಲ" ಎಂದು ಒಂದೇ ಮಾತಿಗೆ ಮುಗಿಸಿದರೆ ಸಾಲದು ಅಂತ ಕೆಲಸವೇ ಕಲಿಸಿದೆ.

ಹಾಕಿದ ದಿನದ ಬಿಗಿ, ಮರಕ್ಕೆ ತಿರುಪಿದ ಸ್ಕ್ರೂವಿನ ಬಿಗಿಯಂಥದು. ಒತ್ತಡಕ್ಕೆ ಸಿಕ್ಕ, ಡ್ರಿಲ್‌ನಿಂದ ಪೆಟ್ಟಾದ ಮೂಳೆಯನ್ನು ದೇಹ ಮೊದಲು ಕರಗಿಸುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಹಳೆಯದು ಹೋಗಿ ಹೊಸದಿನ್ನೂ ಬಲಿಯದ ಹೊತ್ತು ಸುಮಾರು ಮೂರು-ನಾಲ್ಕನೇ ವಾರ. ಅಷ್ಟರಲ್ಲಿ ಹೊಲಿಗೆ ಬಿಚ್ಚಿರುತ್ತದೆ, ಊತ ಇಳಿದಿರುತ್ತದೆ, ನೋವು ಮರೆತೇ ಹೋಗಿರುತ್ತದೆ. ಇಂಪ್ಲಾಂಟ್ ತೀರಾ ದುರ್ಬಲವಾಗಿರುವಾಗಲೇ ರೋಗಿಗೆ ಧೈರ್ಯ ಬಂದು ಚಕ್ಕುಲಿ ಕಡಿಯುತ್ತಾರೆ. ಆಗ ಸ್ಕ್ರೂ ಕಣ್ಣಿಗೆ ಕಾಣದಷ್ಟು ಅಲುಗಾಡುತ್ತಲೇ ಇದ್ದರೂ ಸಾಕು, ಸುತ್ತ ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆಯುತ್ತದೆ. ಹಾಗೆ ಸಡಿಲಾದದ್ದನ್ನು ಹೊರತೆಗೆದಾಗ ಅದಕ್ಕೆ ಮೆತ್ತನೆಯ ಕೆಂಪು ಪೊರೆಯಷ್ಟೇ ಅಂಟಿರುತ್ತದೆ. ಎಷ್ಟೋ ಸಲ ಅವರಿಗೆ ನೋವೇ ಇರುವುದಿಲ್ಲ.

ಟೈಟಾನಿಯಂ ಗಾಳಿ ತಾಗಿದ ತಕ್ಷಣ ತನ್ನ ಮೈಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರ ಹೊದ್ದುಕೊಳ್ಳುತ್ತದೆ. ದೇಹಕ್ಕೆ ಎದುರಾಗುವುದು ಲೋಹವಲ್ಲ, ಆ ಪದರ. ರಕ್ತದ ಪ್ರೋಟೀನುಗಳು ಮೊದಲು ಅದರ ಮೇಲೆ ಕೂರುತ್ತವೆ, ಮೂಳೆ ಕಟ್ಟುವ ಜೀವಕೋಶಗಳು ಬರುವುದು ಆಮೇಲೆ. ಇಂಪ್ಲಾಂಟ್ ಒಳಗಿಳಿಯುವಾಗ ಅದರ ಬೂದು ಬಣ್ಣದ ಒರಟು ಮೈಮೇಲೆ ರಕ್ತ ತಾನಾಗಿ ತಿರುಪಿನ ಸುತ್ತಿನಿಂದ ಸುತ್ತಿಗೆ ಏರುವುದನ್ನು ನೋಡಬೇಕು! ಅದಕ್ಕೇ ಅಲ್ಲಿಗೆ ಗ್ಲೌಸ್ ತಾಗಬಾರದು, ಎಂಜಲು ತಾಗಬಾರದು ಎಂದು ಜೊತೆಯವರಿಗೆ ಪದೇಪದೇ ಹೇಳುತ್ತೇನೆ. ಡ್ರಿಲ್‌ಗೆ ಸಲೈನ್ ನೀರು ಒಂದು ಕ್ಷಣವೂ ನಿಲ್ಲಬಾರದು. 47 ಡಿಗ್ರಿ ಬಿಸಿ ಒಂದು ನಿಮಿಷ ಇದ್ದರೆ ಮೂಳೆಗೆ ಹಾನಿ.

ಇದಕ್ಕೆಲ್ಲ ದಾರಿ ತೋರಿಸಿದ್ದು ಸ್ವೀಡನ್ನಿನ ಸಂಶೋಧಕ ಬ್ರಾನೆಮಾರ್ಕ್. 1950ರ ದಶಕದಲ್ಲಿ ಮೊಲದ ಮೂಳೆಗೆ ಹಾಕಿದ್ದ ಟೈಟಾನಿಯಂ ಉಪಕರಣವನ್ನು ವಾಪಸ್ ತೆಗೆಯಹೋದರೆ ಅದು ಬರಲೇ ಇಲ್ಲ, ಮೂಳೆಗೆ ಕೂಡಿಕೊಂಡಿತ್ತು. 1965ರಲ್ಲಿ ಮೊದಲ ರೋಗಿಗೆ ಹಾಕಿದರು. ಕೆಳದವಡೆಗೆ ಮೂರು, ಮೇಲ್ದವಡೆಗೆ ಆರು ತಿಂಗಳು ಕಾಯುವ ಪದ್ಧತಿಯೂ ಅವರ ತಂಡದ್ದೇ. ಈಗಿನ ಒರಟು ಮೇಲ್ಮೈಗಳಿಂದ ಆ ಅವಧಿ ಇಳಿದಿದೆ, ನಿಜ. ಆದರೆ ಮೂಳೆ ಕರಗಿ ಕಟ್ಟುವ ಹಂತ ಇದ್ದೇ ಇದೆ.

"ಲೋಹ ಮೈಗೆ ಆಗದಿದ್ರೆ?" ಅಂತಲೂ ಹಲವರು ಕೇಳುತ್ತಾರೆ. ಟೈಟಾನಿಯಂ ಅಲರ್ಜಿ ಬಹಳ ಅಪರೂಪ. ನನಗೆ ಅದಕ್ಕಿಂತ ಭಯ ಹಿಡಿತಕ್ಕೆ ಬಾರದ ಶುಗರ್‌ನದು, ಬೀಡಿ-ಸಿಗರೇಟಿನದು.

ಈಗ ಹೊಲಿಗೆ ಬಿಚ್ಚುವ ದಿನ ರೋಗಿಯ ಜೊತೆ ಮನೆಯಲ್ಲಿ ಅಡುಗೆ ಮಾಡುವವರನ್ನೂ ಕರೆಸುತ್ತೇನೆ. ಚೀಟಿಯ ಮೇಲೆ ಎರಡು ಗೆರೆ ಎಳೆಯುತ್ತೇನೆ: ಒಂದು ಇಳಿಯುವ ಹಳೆಯ ಬಿಗಿ, ಇನ್ನೊಂದು ಏರುವ ಹೊಸ ಬಿಗಿ. ಅವು ಕೂಡುವ ತಗ್ಗಿನ ಕೆಳಗೆ ತಾರೀಖು ಬರೆದು, ಆ ವಾರ ಆ ಬದಿಯಲ್ಲಿ ಮೆತ್ತಗಿನ ಅನ್ನವನ್ನೂ ಅಗಿಯಬೇಡಿ ಅಂತ ಹೇಳಿ ಕಳಿಸುತ್ತೇನೆ.